ನಿಮ್ಮ ಅಡ್ಡರಸ್ತೆಗೆ ಪಾರ್ಕಿಂಗ್ ಪರ್ಮಿಟ್ ತರುವುದು ಹೇಗೆ? ತುಮಕೂರಿನ ನಿವಾಸಿಗಳಿಗೆ ಸಮಗ್ರ ಮಾರ್ಗದರ್ಶಿ

ಒಂದು ರಾತ್ರಿ ನಮ್ಮ ಪಕ್ಕದ ಮನೆಯ ಅಜ್ಜನಿಗೆ ಎದೆನೋವು ಬಂತು. ಆಂಬುಲೆನ್ಸ್ ಬೇಗನೇ ಬಂತು. ಆದರೆ ನಮ್ಮ ಕ್ರಾಸ್‌ನ ತಿರುವಿನಲ್ಲೇ ನಿಂತುಬಿಟ್ಟಿತು. ಎರಡೂ ಕಡೆ ಕಾರು, ನಡುವೆ ದಾರಿ ಇಲ್ಲ. ನಾವು ನಾಲ್ಕು ಜನ ಸ್ಟ್ರೆಚರ್ ಹಿಡಿದುಕೊಂಡು ಹೋಗಿ ಅಜ್ಜನನ್ನು ಗಾಡಿಗೆ ಹತ್ತಿಸಿದೆವು. ಅವರು ಉಳಿದರು. ದಾರಿ ಕಟ್ಟಿದ್ದ ಕಾರುಗಳಲ್ಲಿ ಒಂದು ನನ್ನದಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಈ ವಿಷಯ ಓದಿದ್ದೇನೆ, ಟೇಪ್ ಹಿಡಿದು ರಸ್ತೆ ಅಳೆದಿದ್ದೇನೆ, ಕಚೇರಿಗಳಿಗೆ ಅಲೆದಿದ್ದೇನೆ. ಎಸ್‌.ಎಸ್‌. ಪುರಂ, ಅಶೋಕನಗರ, ವಿದ್ಯಾನಗರ, ಚಿಕ್ಕಪೇಟೆ, ಬಟವಾಡಿ, ಎಲ್ಲಿ ಹೋದರೂ ಇದೇ ಗೋಳು. ಪರ್ಮಿಟ್ ವ್ಯವಸ್ಥೆ ಇಲ್ಲದ ಬೀದಿಯವರು ಅದನ್ನು ಹೇಗೆ ತರಬಹುದು ಅನ್ನುವುದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ.

ಪರ್ಮಿಟ್ ಅಂದರೆ ಏನು

ಒಂದು ಬಡಾವಣೆಯ ರಸ್ತೆಬದಿಯಲ್ಲಿ ಇಂತಿಷ್ಟು ಹೊತ್ತು ಅಲ್ಲಿನ ನಿವಾಸಿಗಳ ಗಾಡಿ ಮಾತ್ರ ನಿಲ್ಲಬಹುದು ಅಂತ ಸರ್ಕಾರ ನಿಯಮ ಮಾಡುತ್ತದೆ. ನಿವಾಸಿಗಳು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಸ್ಟಿಕ್ಕರ್ ಪಡೆಯುತ್ತಾರೆ. ಬಂದ ನೆಂಟರಿಗೆ ಒಂದು ದಿನದ ಚೀಟಿ ಇರುತ್ತದೆ. ಉಳಿದವರು ಸ್ವಲ್ಪ ಹೊತ್ತು ನಿಲ್ಲಿಸಿ ಹೋಗಬೇಕು, ಇಲ್ಲವೇ ಬೇರೆ ಕಡೆ ನಿಲ್ಲಿಸಬೇಕು.

ಇದು ಹೊಸದೇನಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1976ರಲ್ಲೇ ಶುರುವಾಯಿತು. ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್‌ನಲ್ಲಿ ಆಫೀಸಿಗೆ ಬರುವವರ ಕಾರುಗಳು ಪಕ್ಕದ ಬಡಾವಣೆಯನ್ನು ತುಂಬಿಬಿಡುತ್ತಿದ್ದವು. ಅಲ್ಲಿ ಪರ್ಮಿಟ್ ತಂದಾಗ, ಹೊರಗಿನವರಿಗೆ ಅನ್ಯಾಯ ಆಗುತ್ತದೆ ಅಂತ ಕೆಲವರು ಕೋರ್ಟಿಗೆ ಹೋದರು. 1977ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಪರ್ಮಿಟ್ ಸರಿ ಎಂದಿತು. ದೆಹಲಿಯಲ್ಲಿ 2019ರ ಪಾರ್ಕಿಂಗ್ ನಿಯಮಗಳು ವಸತಿ ಬಡಾವಣೆಗಳನ್ನೂ ಒಳಗೊಂಡು ಪ್ರದೇಶವಾರು ಪಾರ್ಕಿಂಗ್ ಯೋಜನೆ ಮಾಡಲು ಹೇಳುತ್ತವೆ. ನಮಗೆ ಹತ್ತಿರದ್ದು ಬೆಂಗಳೂರಿನ ಪಾರ್ಕಿಂಗ್ ನೀತಿ 2.0. ನಗರ ಭೂಸಾರಿಗೆ ನಿರ್ದೇಶನಾಲಯ ಮಾಡಿದ ಈ ನೀತಿಯಲ್ಲಿ ನಿವಾಸಿಗಳಿಗೆ ವಾರ್ಷಿಕ ಪರ್ಮಿಟ್ ಕೊಡುವ ಮಾತಿದೆ. ಸಣ್ಣ ಕಾರಿಗೆ 1,000 ರೂಪಾಯಿ, ಮಧ್ಯಮ ಗಾತ್ರದ್ದಕ್ಕೆ 3,000ದಿಂದ 4,000, ದೊಡ್ಡ ಎಸ್‌ಯುವಿಗೆ 5,000. ನೀವು ಅರ್ಜಿ ಬರೆಯುವಾಗ ಈ ನೀತಿಯನ್ನು ಹೆಸರಿಸಿ. ನಮ್ಮದೇ ರಾಜ್ಯದ ಮಾದರಿ ಕಣ್ಣೆದುರಿಗಿದ್ದರೆ ಅಧಿಕಾರಿಗಳಿಗೂ ಕೆಲಸ ಹಗುರ.

ಎಲ್ಲಕ್ಕಿಂತ ಮುಂಚೆ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಬೇಕು. ಮನೆ ಮುಂದಿನ ರಸ್ತೆ ಮನೆಯವರದ್ದಲ್ಲ. ಕಾಂಪೌಂಡಿನ ಆಚೆ ಇರುವುದೆಲ್ಲ ಊರಿನದ್ದು, ಅದನ್ನು ನೋಡಿಕೊಳ್ಳುವುದು ಪಾಲಿಕೆ. ಗೇಟಿನ ಎದುರು ಕಲ್ಲು ಇಡುವುದು, ಸಿಮೆಂಟ್ ತುಂಬಿದ ಡಬ್ಬ ಇಡುವುದು, ಹೂಕುಂಡ ಸಾಲಾಗಿ ಜೋಡಿಸುವುದು, ಚೈನ್ ಕಟ್ಟುವುದು, ಇದಕ್ಕೆ ಯಾವ ಕಾನೂನಿನ ಬಲವೂ ಇಲ್ಲ. ನಿಮ್ಮ ಗೇಟಿಗೆ ಅಡ್ಡ ಯಾರೂ ಗಾಡಿ ನಿಲ್ಲಿಸಬಾರದು, ಅದು ನಿಜ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹಾಗೆಯೇ ಹೇಳುತ್ತದೆ. ಆದರೆ ಗೇಟಿನ ಆಚೀಚೆ ಉಳಿದ ಜಾಗ ಎಲ್ಲರದ್ದೂ. ಪರ್ಮಿಟ್ ಸಿಕ್ಕರೂ ನಿಮ್ಮ ಮನೆ ಮುಂದೆಯೇ ಜಾಗ ಅಂತ ಇರುವುದಿಲ್ಲ. ಬೀದಿಯಲ್ಲಿ ಎಲ್ಲಿ ಖಾಲಿಯೋ ಅಲ್ಲಿ. ಇದನ್ನು ಒಪ್ಪದ ನೆರೆಹೊರೆಯವರು ಮೊದಲ ವಾರವೇ ಜಗಳಕ್ಕೆ ನಿಲ್ಲುತ್ತಾರೆ. ಹಾಗಾಗಿ ಮೊದಲ ಸಭೆಯಲ್ಲೇ ಇದನ್ನು ಬಾಯಿಬಿಟ್ಟು ಹೇಳಿಬಿಡಿ.

ಹೆಜ್ಜೆ 1: ಒಂದು ನೋಟ್‌ಬುಕ್ ತೆಗೆದುಕೊಂಡು ಎಣಿಸಿ

ಬಹಳ ಜನ ಎಣಿಸದೆ ಅರ್ಜಿ ಕೊಡುತ್ತಾರೆ. ‘ಹೊರಗಿನವರ ಗಾಡಿ ಜಾಸ್ತಿ ಆಗಿದೆ’ ಅಂತ ಬರೆದರೆ ಕಚೇರಿಯಲ್ಲಿ ಅದು ಇನ್ನೊಂದು ದೂರು ಅಷ್ಟೇ. ಲೆಕ್ಕ ಇಟ್ಟರೆ ಕುರ್ಚಿ ಎಳೆದು ಕೂರಿಸಿ ಮಾತಾಡುತ್ತಾರೆ. ಅದೂ ಅಲ್ಲದೆ, ಎಣಿಸಿದಾಗ ನಮ್ಮ ಊಹೆಯೇ ತಪ್ಪು ಅಂತ ಗೊತ್ತಾಗುವುದುಂಟು.

ಎರಡು ಮಾಮೂಲಿ ಕೆಲಸದ ದಿನ ಮತ್ತು ಒಂದು ಭಾನುವಾರ ಆರಿಸಿಕೊಳ್ಳಿ. ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆಯ ದಿನಗಳು, ಗಣೇಶನ ಹಬ್ಬ, ಕಾಲೇಜು ರಜೆ, ಮದುವೆ ಮುಹೂರ್ತ ಜೋರಾಗಿರುವ ವಾರ, ಇವು ಬೇಡ. ದಿನಕ್ಕೆ ನಾಲ್ಕು ಸಲ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ: ಬೆಳಿಗ್ಗೆ ಐದೂವರೆ, ಹನ್ನೊಂದು, ಸಂಜೆ ಆರೂವರೆ, ರಾತ್ರಿ ಹತ್ತೂವರೆ. ನಿಂತಿರುವ ಪ್ರತಿ ಗಾಡಿಯ ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ, ಕಾರೋ ಟೂ ವೀಲರೋ ಟೆಂಪೊನೋ, ಯಾವ ಕಡೆ ನಿಂತಿದೆ, ಇಷ್ಟು ಬರೆದುಕೊಳ್ಳಿ. ಇಬ್ಬರು ಇದ್ದರೆ ಒಳ್ಳೆಯದು. ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು.

ಮುಂಜಾನೆ ಐದೂವರೆಗೂ ರಾತ್ರಿ ಹತ್ತೂವರೆಗೂ ಕಾಣುವ ಗಾಡಿ ಬಹುತೇಕ ಬೀದಿಯವರದ್ದೇ. ಹನ್ನೊಂದು ಗಂಟೆಗೆ ಮಾತ್ರ ಕಾಣುವುದು ಹೊರಗಿನದ್ದು. ಪ್ಲೇಟಿನ ಮೇಲೆ ಕೆಎ 06 ಇದೆ ಅಂತ ನಮ್ಮವರು ಅಂದುಕೊಳ್ಳಬೇಡಿ. ಅದು ತುಮಕೂರು ಆರ್‌ಟಿಓದ ಗುರುತು, ಬೀದಿಯ ಗುರುತಲ್ಲ. ಹಾಗೆಯೇ ಬೆಂಗಳೂರು ನಂಬರಿನ ಗಾಡಿ ನಮ್ಮ ಬಾಡಿಗೆದಾರರದ್ದೇ ಇರಬಹುದು. ಬರೆದುಕೊಂಡ ನಂಬರುಗಳನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಎಣಿಕೆಗೆ ಬೇಕಾದ ಅಂಕಿ ಅದು, ಯಾರನ್ನೋ ಗುರಿ ಮಾಡುವುದಕ್ಕಲ್ಲ.

ಲೆಕ್ಕ ಸಿಕ್ಕಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇರುವ ಜಾಗದಲ್ಲಿ ಎಷ್ಟು ತುಂಬಿದೆ? ತುಂಬಿದ್ದರಲ್ಲಿ ಹೊರಗಿನವರದ್ದು ಎಷ್ಟು? ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಹುಕಾಲ ಬಳಸಿದ ಅಳತೆ ಸರಳ. ನೂರಕ್ಕೆ ಎಂಬತ್ತು ಜಾಗ ತುಂಬಿರಬೇಕು, ನಿಂತ ಗಾಡಿಗಳಲ್ಲಿ ಅರ್ಧದಷ್ಟು ಹೊರಗಿನವರದ್ದಾಗಿರಬೇಕು. ಆಗ ಮಾತ್ರ ಪರ್ಮಿಟ್ ಪ್ರಶ್ನೆ. ನನಗೆ ಈ ಅಳತೆ ನ್ಯಾಯವಾದದ್ದು ಅನಿಸುತ್ತದೆ.

ಇಲ್ಲಿ ನಮ್ಮೂರಿನ ಒಂದು ವಿಶೇಷ ಗಮನಿಸಿ. ತುಮಕೂರು ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬೆಳಿಗ್ಗೆ ರೈಲು, ಬಸ್ಸು ಹಿಡಿಯುವವರು ಬಹಳ. ಅವರು ಸ್ಟೇಷನ್ ಅಥವಾ ಬಸ್ ಸ್ಟ್ಯಾಂಡ್ ಹತ್ತಿರದ ಬೀದಿಯಲ್ಲಿ ಸ್ಕೂಟರ್ ನಿಲ್ಲಿಸಿ ಹೋಗುತ್ತಾರೆ. ಕಾರಲ್ಲೇ ಬೆಂಗಳೂರಿಗೆ ಹೋಗುವವರ ಮನೆ ಮುಂದಿನ ಜಾಗ ಹಗಲೆಲ್ಲ ಖಾಲಿ. ಅಂದರೆ ಒಂದೇ ಊರಿನಲ್ಲಿ ಕೆಲವು ಬೀದಿಗೆ ಹಗಲಿನ ಕಾಟ, ಕೆಲವಕ್ಕೆ ರಾತ್ರಿಯ ಕಾಟ. ಎರಡಕ್ಕೂ ಒಂದೇ ಮದ್ದಲ್ಲ.

ಹಗಲಿನ ಕಾಟವಾದರೆ ಪರ್ಮಿಟ್ ಕೆಲಸ ಮಾಡುತ್ತದೆ. ನರ್ಸಿಂಗ್ ಹೋಂ, ಕೋಚಿಂಗ್ ಸೆಂಟರ್, ಬ್ಯಾಂಕು, ಮಾರ್ಕೆಟ್ಟಿಗೆ ಬಂದವರ ಗಾಡಿ ಅದು. ರಾತ್ರಿಯ ಕಾಟವಾದರೆ ಗಾಡಿಗಳೆಲ್ಲ ನಮ್ಮವೇ. ಆಗ ಪರ್ಮಿಟ್ ಕೊಟ್ಟರೂ ಅಷ್ಟೇ ಕಾರು, ಅಷ್ಟೇ ಜಾಗ. ಬಾಸ್ಟನ್‌ನಲ್ಲಿ ಇದೇ ಆಯಿತು. ಪರ್ಮಿಟ್‌ಗೆ ದುಡ್ಡಿಲ್ಲ, ಎಷ್ಟು ಕೊಡಬೇಕು ಅನ್ನುವ ಮಿತಿಯೂ ಇಲ್ಲ. ಜಾಗಕ್ಕಿಂತ ಸ್ಟಿಕ್ಕರ್ ಜಾಸ್ತಿಯಾದವು. ರಾತ್ರಿಯ ಕಾಟ ಇರುವ ಬೀದಿಗೆ ಬೇಕಾದದ್ದು ಮನೆಗೆ ಇಷ್ಟೇ ಅನ್ನುವ ಮಿತಿ.

ಹೆಜ್ಜೆ 2: ರಸ್ತೆ ಅಳೆಯಿರಿ

ಟೇಪು, ಸೀಮೆಸುಣ್ಣ, ಒಂದು ಭಾನುವಾರದ ಬೆಳಗ್ಗೆ ಸಾಕು. ಮಕ್ಕಳನ್ನೂ ಸೇರಿಸಿಕೊಳ್ಳಿ, ಖುಷಿಯಾಗಿ ಮಾಡುತ್ತಾರೆ.

ಮೊದಲು ಅಗಲ. ನಮ್ಮ ಲೇಔಟುಗಳಲ್ಲಿ 30 ಅಡಿ ರಸ್ತೆ ಸಾಮಾನ್ಯ. ಎರಡೂ ಕಡೆ ಚರಂಡಿಗೆ ಮೂರು ಮೂರು ಅಡಿ ಹೋದರೆ ಉಳಿಯುವುದು 24 ಅಡಿ ಡಾಂಬರು. ನಿಂತ ಕಾರಿಗೆ ಬಾಗಿಲು, ಕನ್ನಡಿ ಸೇರಿ 7 ಅಡಿ ಇಟ್ಟುಕೊಳ್ಳಿ. ಒಂದು ಕಡೆ ಮಾತ್ರ ನಿಲ್ಲಿಸಿದರೆ 17 ಅಡಿ ದಾರಿ ಉಳಿಯುತ್ತದೆ. ಎರಡೂ ಕಡೆ ನಿಲ್ಲಿಸಿದರೆ 10 ಅಡಿ. ನಮ್ಮ ದೇಶದಲ್ಲಿ ದೊಡ್ಡ ವಾಹನದ ಅಗಲ 2.6 ಮೀಟರ್‌ವರೆಗೆ, ಅಂದರೆ ಸುಮಾರು ಎಂಟೂವರೆ ಅಡಿ ಇರಬಹುದು. ಅಗ್ನಿಶಾಮಕ ಗಾಡಿ ಆ 10 ಅಡಿಯಲ್ಲಿ ನೇರವಾಗಿ ತೂರಬಹುದೇನೋ, ಆದರೆ ಕ್ರಾಸ್‌ನಲ್ಲಿ ತಿರುಗಲು ಆಗುವುದಿಲ್ಲ. ಒಂದು ಕಾರು ಸ್ವಲ್ಪ ಓರೆಯಾಗಿ ನಿಂತರೂ ಮುಗಿಯಿತು. ಹಾಗಾಗಿ 30 ಅಡಿ ರಸ್ತೆಯಲ್ಲಿ ಒಂದೇ ಕಡೆ ಪಾರ್ಕಿಂಗ್. ಇದರಲ್ಲಿ ರಾಜಿ ಬೇಡ. ಚಿಕ್ಕಪೇಟೆ, ಮಂಡಿಪೇಟೆ ಕಡೆಯ 20 ಅಡಿಗಿಂತ ಕಿರಿದಾದ ಗಲ್ಲಿಗಳಲ್ಲಿ ಟೂ ವೀಲರ್ ಮಾತ್ರ.

ಈಗ ಉದ್ದ. 30-40 ಸೈಟಿನ ಮುಂಭಾಗ 30 ಅಡಿ. ಗೇಟಿಗೆ 10 ಅಡಿ ಬಿಟ್ಟರೆ ಉಳಿಯುವುದು 20 ಅಡಿ, ಅಂದರೆ 6 ಮೀಟರ್. ರಸ್ತೆ ಬದಿಗೆ ಸಮಾಂತರವಾಗಿ ಒಂದು ಕಾರು ನಿಲ್ಲಿಸಿ ತೆಗೆಯಲು ಬೇಕಾದದ್ದು ಸರಿಸುಮಾರು ಅಷ್ಟೇ. ಸೈಟಿಗೆ ಒಂದು ಕಾರು ಅಂತಾಯಿತು. ಬೀದಿಯ ಒಂದು ಬದಿ 12 ಸೈಟುಗಳಿದ್ದರೆ ಎರಡು ಮೂಲೆ ಸೈಟು ಬಿಟ್ಟು 10 ಕಾರು. ಮೂಲೆಯಲ್ಲಿ ಬಿಡಲೇಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಎದುರು ಬರುವ ಗಾಡಿ ಕಾಣುವುದಿಲ್ಲ. ಟ್ರಾನ್ಸ್‌ಫಾರ್ಮರ್, ಮರ, ಕುಡಿಯುವ ನೀರಿನ ವಾಲ್ವ್ ಇದ್ದ ಕಡೆ ಮತ್ತೆ ಒಂದೆರಡು ಕಡಿಮೆಯಾಗುತ್ತದೆ. ಒಂದು ಕಾರಿನ 20 ಅಡಿ ಜಾಗದಲ್ಲಿ ಆರು ಟೂ ವೀಲರ್ ಅಡ್ಡಲಾಗಿ ನಿಲ್ಲುತ್ತವೆ. ನಮ್ಮೂರಿನಲ್ಲಿ ಕಾರಿಗಿಂತ ಸ್ಕೂಟರ್, ಬೈಕೇ ಜಾಸ್ತಿ ಅಲ್ವಾ? ಹತ್ತರಲ್ಲಿ ಎರಡು ಜಾಗ ಅವುಗಳಿಗೆ ಮೀಸಲಿಟ್ಟರೆ 12 ಗಾಡಿಗೆ ನೆಲೆ ಸಿಗುತ್ತದೆ.

ಎರಡೂ ಬದಿ ಸೇರಿ 24 ಸೈಟು, ಮೇಲಿನ ಮಹಡಿಯ ಬಾಡಿಗೆದಾರರೂ ಸೇರಿ 40 ಸಂಸಾರ ಇರುವ ಬೀದಿಯಲ್ಲಿ 25 ಕಾರುಗಳಿದ್ದರೆ, ರಸ್ತೆಯಲ್ಲಿ ನಿಲ್ಲಬಹುದಾದದ್ದು ಎಂಟೋ ಹತ್ತೋ. ಮಿಕ್ಕವು ಮನೆಯೊಳಗೆ ಹೋಗಬೇಕು, ಇಲ್ಲವೇ ಬೇರೆ ಜಾಗ ಹುಡುಕಬೇಕು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿ. ನಾಲ್ಕು ಮಾತಿಗಿಂತ ಒಂದು ಚಿತ್ರ ಬೇಗ ಅರ್ಥವಾಗುತ್ತದೆ. ಇನ್ನೊಂದು ಲೆಕ್ಕವನ್ನೂ ಸೇರಿಸಿ. ಕಾರು ನಿಲ್ಲುವ ಜಾಗವನ್ನು 5 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಅಂತ ಹಿಡಿಯುತ್ತಾರೆ. ಅದು ಸುಮಾರು 135 ಚದರಡಿ. ಒಂಬತ್ತು ಕಾರು ನಿಂತರೆ ಒಂದು 30-40 ಸೈಟು. ಸೈಟಿನ ಬೆಲೆ ಎಷ್ಟು ಅಂತ ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹೆಜ್ಜೆ 3: ಮನೆ ಮನೆಗೆ ಹೋಗಿ ಮಾತಾಡಿ

ಕಷ್ಟದ ಹೆಜ್ಜೆ ಇದೇ. ವಾಟ್ಸಾಪ್‌ನಲ್ಲಿ ಮುಗಿಯುವುದಿಲ್ಲ. ಇಬ್ಬರು ಮೂವರು ಸೇರಿ ಸಂಜೆ ಹೊತ್ತು ಹೋಗಿ. ಒಬ್ಬ ಹೆಂಗಸರು ಜೊತೆಗಿದ್ದರೆ ಮನೆಯವರು ನಿರಾಳವಾಗಿ ಮಾತಾಡುತ್ತಾರೆ. ಮಾಲೀಕರನ್ನು ಮಾತ್ರ ಕೇಳಿ ಬಂದುಬಿಡಬೇಡಿ. ಮೇಲಿನ ಮನೆಯ ಬಾಡಿಗೆದಾರರು, ಪಿಜಿಯಲ್ಲಿರುವ ಹುಡುಗರು, ಮೂಲೆಯ ಕಿರಾಣಿ ಅಂಗಡಿಯವರು, ಕ್ಲಿನಿಕ್ ಡಾಕ್ಟರು, ಇಸ್ತ್ರಿ ಗಾಡಿಯವರು, ಎಲ್ಲರೂ ಬೀದಿಯವರೇ.

ಬರುವ ಪ್ರಶ್ನೆಗಳು ಎಲ್ಲ ಕಡೆ ಒಂದೇ. ‘ನಮ್ಮ ಮನೆ ಮುಂದೆ ನಿಲ್ಲಿಸೋಕೆ ನಾವ್ಯಾಕೆ ದುಡ್ಡು ಕೊಡಬೇಕು? ಕಂದಾಯ ಕಟ್ಟೋದಿಲ್ವಾ?’ ಇದಕ್ಕೆ ನೇರ ಉತ್ತರ ಕೊಡಿ. ಕಂದಾಯ ಕಾರು ಇಲ್ಲದವರೂ ಕಟ್ಟುತ್ತಾರೆ. ಕೆಳಗಿನ ಮನೆಯ ಒಂಟಿ ಅಜ್ಜಿಯೂ ಕಟ್ಟುತ್ತಾರೆ. ಅವರ ಪಾಲಿನ ರಸ್ತೆಯನ್ನೂ ಸೇರಿಸಿ ನಾವು ಬಳಸುತ್ತಿದ್ದೇವೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಕೂಡ ಪಾರ್ಕಿಂಗ್ ಶುಲ್ಕ ಆ ಜಾಗದ ಬೆಲೆಗೆ ತಕ್ಕಂತೆ ಇರಬೇಕು ಎನ್ನುತ್ತದೆ.

‘ಮಗಳು ಅಳಿಯ ಬಂದರೆ ಏನು ಮಾಡೋದು?’ ಅದಕ್ಕೆ ನೆಂಟರ ಚೀಟಿ ಇದೆ. ಗೃಹಪ್ರವೇಶ, ನಾಮಕರಣ ಇದ್ದರೆ ಮುಂಚೆ ತಿಳಿಸಿದರೆ ಆಯಿತು. ಸಾವಿನ ಮನೆಗೆ ಚೀಟಿ ಗೀಟಿ ಏನೂ ಕೇಳಬಾರದು. ಇದನ್ನು ನಿಯಮದಲ್ಲೇ ಬರೆದಿಡಿ.

ಜಗಳ ಬರುವ ಜಾಗ ಇನ್ನೊಂದಿದೆ, ಇದನ್ನು ಮುಚ್ಚಿಡಬಾರದು. ಮನೆ ಕಟ್ಟುವಾಗ ನಕ್ಷೆಯಲ್ಲಿ ಕೆಳಗೆ ಪಾರ್ಕಿಂಗ್ ತೋರಿಸಿರುತ್ತಾರೆ. ಆಮೇಲೆ ಅದಕ್ಕೆ ಗೋಡೆ ಎಬ್ಬಿಸಿ ಅಂಗಡಿಗೋ ಮನೆಗೋ ಬಾಡಿಗೆಗೆ ಕೊಡುತ್ತಾರೆ. ಕಾರು ಬೀದಿಗೆ ಬರುತ್ತದೆ. ಒಬ್ಬರ ಬಾಡಿಗೆ ಆದಾಯಕ್ಕೆ ಇಡೀ ಬೀದಿ ಜಾಗ ಕೊಟ್ಟ ಹಾಗಾಯಿತು. ಅಂಥ ಮನೆಗೆ ರಸ್ತೆ ಪರ್ಮಿಟ್ ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಆ ಕೆಳಮನೆಯ ಬಾಡಿಗೆದಾರ ಬಡವನಾಗಿದ್ದು ಅವನದ್ದೊಂದು ಆಟೊ ಇದ್ದರೆ, ಆಟೊಗೆ ಜಾಗ ಕೊಡಿ. ತಪ್ಪು ಅವನದ್ದಲ್ಲ. ಜಪಾನಿನಲ್ಲಿ 1962ರ ಕಾನೂನಿನಂತೆ ಕಾರು ನೋಂದಾಯಿಸುವ ಮುಂಚೆ ಅದನ್ನು ನಿಲ್ಲಿಸಲು ರಸ್ತೆಯಲ್ಲದ ಜಾಗ ಇದೆ ಅಂತ ತೋರಿಸಬೇಕು. ಆ ಜಾಗ ಮನೆಯಿಂದ 2 ಕಿಲೋಮೀಟರ್ ಒಳಗಿರಬೇಕು. ನಮ್ಮಲ್ಲಿ ಅಷ್ಟು ಇಲ್ಲ, ಆದರೆ ಇರುವ ಪಾರ್ಕಿಂಗನ್ನು ಮುಚ್ಚಬೇಡಿ ಅಂತಲಾದರೂ ಕೇಳಬಹುದಲ್ವಾ?

ಒಪ್ಪಿದವರ ಸಹಿ, ಮನೆ ನಂಬರು ಬರೆಸಿಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಮನೆಗಳು ಸಾಕು ಅಂತ ಬೇರೆ ಊರುಗಳಲ್ಲಿ ನಿಯಮ ಇರಬಹುದು. ನಮ್ಮಲ್ಲಿ ಮುಕ್ಕಾಲು ಪಾಲು ಇರಲಿ. ಬೀದಿಯೊಳಗೇ ಎರಡು ಗುಂಪಾದರೆ ಮುಂದೆ ಯಾವ ಅಧಿಕಾರಿಯೂ ಕೈ ಹಾಕುವುದಿಲ್ಲ.

ಹೆಜ್ಜೆ 4: ನಾಲ್ಕು ಕ್ರಾಸ್ ಸೇರಿಸಿಕೊಳ್ಳಿ

ಒಂದೇ ಕ್ರಾಸ್‌ಗೆ ಪರ್ಮಿಟ್ ತಂದರೆ ಅಲ್ಲಿಯ ಗಾಡಿಗಳು ಪಕ್ಕದ ಕ್ರಾಸ್‌ಗೆ ಹೋಗುತ್ತವೆ. ಅಲ್ಲಿಯವರು ನಮ್ಮ ಮೇಲೆ ಸಿಟ್ಟಾಗುತ್ತಾರೆ, ಅದು ಸರಿಯೇ. ಮೈನ್ ರೋಡಿನಿಂದ ಮೈನ್ ರೋಡಿನವರೆಗೆ ಮೂರ್ನಾಲ್ಕು ಕ್ರಾಸ್ ಒಂದೇ ವಲಯ ಮಾಡಿ.

ಸಂಘ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ನೋಂದಾಯಿಸಬಹುದು. ನೋಂದಾಯಿತ ಸಂಘದ ಲೆಟರ್‌ಹೆಡ್‌ನಲ್ಲಿ ಹೋದ ಅರ್ಜಿಗೆ ತೂಕ ಬೇರೆ. ಆದರೆ ಸಂಘ ರಸ್ತೆ ಜಾಗಕ್ಕೆ ದುಡ್ಡು ವಸೂಲಿ ಮಾಡುವ ಹಾಗಿಲ್ಲ, ಗಾಡಿ ಎತ್ತಿಸುವ ಹಾಗಿಲ್ಲ, ಟೈರಿನ ಗಾಳಿ ತೆಗೆಯುವ ಹಾಗಿಲ್ಲ. ಸಂಘದ ಸ್ಟಿಕ್ಕರ್ ನಮ್ಮ ನಮ್ಮ ಗುರುತಿಗೆ ಅಷ್ಟೇ.

ಹೆಜ್ಜೆ 5: ಅರ್ಜಿ ಎಲ್ಲಿಗೆ, ಹೇಗೆ

ಯಾರ ಕೈಯಲ್ಲಿ ಏನಿದೆ ಅನ್ನುವುದು ಗೊತ್ತಿಲ್ಲದೆ ಜನ ವರ್ಷಗಟ್ಟಲೆ ಅಲೆಯುತ್ತಾರೆ. ಪಾಲಿಕೆಯವರು ಪೊಲೀಸರ ಕಡೆ ತೋರಿಸುತ್ತಾರೆ, ಪೊಲೀಸರು ಪಾಲಿಕೆ ಕಡೆ. ನನಗೂ ಹಾಗೇ ಆಗಿದೆ. ನಿಜದಲ್ಲಿ ಮೂವರೂ ಬೇಕು.

ರಸ್ತೆ ಪಾಲಿಕೆಯದ್ದು. ಬಣ್ಣದ ಗೆರೆ ಎಳೆಯುವುದು, ಬೋರ್ಡು ನೆಡುವುದು, ಶುಲ್ಕ ನಿಗದಿ ಮಾಡುವುದು ಅವರ ಕೆಲಸ. ನಿಯಮ ಮುರಿದವರಿಗೆ ದಂಡ ಹಾಕುವುದು ಸಂಚಾರ ಪೊಲೀಸರದ್ದು. ಇಂಥ ಕಡೆ ನಿಲ್ಲಿಸಬಹುದು, ಇಂಥ ಕಡೆ ನಿಲ್ಲಿಸಬಾರದು ಅನ್ನುವ ಅಧಿಸೂಚನೆ ಹೊರಡಿಸುವುದು ಜಿಲ್ಲಾಧಿಕಾರಿ. ಬೆಂಗಳೂರು, ಮೈಸೂರಿನಂಥ ಊರಲ್ಲಿ ಪೊಲೀಸ್ ಕಮಿಷನರ್ ಇದ್ದಾರೆ. ತುಮಕೂರಿನಲ್ಲಿ ಜಿಲ್ಲಾ ದಂಡಾಧಿಕಾರಿಯಾಗಿ ಆ ಅಧಿಕಾರ ಜಿಲ್ಲಾಧಿಕಾರಿಯವರದ್ದು. 1988ರ ಮೋಟಾರು ವಾಹನ ಕಾಯ್ದೆಯ 115, 116, 117ನೇ ಕಲಂಗಳು ಮತ್ತು 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ ಅಡಿ ಈ ಅಧಿಸೂಚನೆ ಬರುತ್ತದೆ. 117ನೇ ಕಲಂ ವಾಹನ ನಿಲುಗಡೆ ಜಾಗ ಗೊತ್ತುಮಾಡುವ ಬಗ್ಗೆ ಇದೆ. ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚನೆ ಮಾಡಬೇಕು ಅಂತಲೂ ಹೇಳುತ್ತದೆ.

ಹಾಗಾಗಿ ಅರ್ಜಿಯನ್ನು ಪಾಲಿಕೆ ಆಯುಕ್ತರಿಗೆ ಬರೆಯಿರಿ. ಪ್ರತಿಗಳನ್ನು ಜಿಲ್ಲಾಧಿಕಾರಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಮತ್ತು ನಿಮ್ಮ ವ್ಯಾಪ್ತಿಯ ಸಂಚಾರ ಠಾಣೆಗೆ ಕೊಡಿ. ವಾರ್ಡಿನ ಕಾರ್ಪೊರೇಟರ್ ಇದ್ದರೆ ಅವರ ಶಿಫಾರಸು ಪತ್ರ ಸೇರಿಸಿ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿಯ ಮುಂದೆ ವಿಷಯ ಹೋಗುತ್ತದೆ. ಅರ್ಜಿ ಎರಡು ಪುಟ ಮೀರಬಾರದು. ಅದರಲ್ಲಿ ಹೀಗೆ ಬರೆಯಬಹುದು:

‘ಮಾನ್ಯರೇ, ನಮ್ಮ ಬಡಾವಣೆಯ ಇಂಥ ಅಡ್ಡರಸ್ತೆಯಿಂದ ಇಂಥ ಅಡ್ಡರಸ್ತೆಯವರೆಗೆ ಇಷ್ಟು ಮನೆಗಳಿವೆ. ರಸ್ತೆಯ ಅಗಲ ಇಷ್ಟು. ಇಂಥ ದಿನಾಂಕಗಳಂದು ನಾವು ಎಣಿಸಿದಾಗ ಬೆಳಿಗ್ಗೆ ಹನ್ನೊಂದಕ್ಕೆ ಇಷ್ಟು ವಾಹನ, ಅದರಲ್ಲಿ ಹೊರಗಿನವು ಇಷ್ಟು ಕಂಡವು. ತುರ್ತು ವಾಹನ ಬರಲು ದಾರಿ ಉಳಿಯುತ್ತಿಲ್ಲ. ಆದುದರಿಂದ ಒಂದು ಬದಿಯಲ್ಲಿ ನಿಲುಗಡೆ ನಿಷೇಧಿಸಿ, ಇನ್ನೊಂದು ಬದಿಯಲ್ಲಿ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ನಿವಾಸಿಗಳ ಪರ್ಮಿಟ್ ವಾಹನಗಳಿಗೆ ಮಾತ್ರ ಅವಕಾಶ ಮಾಡಿ, ಮೊದಲ ಆರು ತಿಂಗಳು ಪ್ರಾಯೋಗಿಕವಾಗಿ ಜಾರಿಗೆ ತರಬೇಕೆಂದು ಕೋರುತ್ತೇವೆ. ಜಂಟಿ ಸ್ಥಳ ಪರಿಶೀಲನೆಗೆ ನಾವು ಹಾಜರಿರುತ್ತೇವೆ.’

‘ಪ್ರಾಯೋಗಿಕವಾಗಿ’ ಅನ್ನುವ ಮಾತನ್ನು ಬಿಡಬೇಡಿ. ಶಾಶ್ವತವಾಗಿ ಮಾಡಿ ಅಂದರೆ ಕಡತ ಕೂತುಬಿಡುತ್ತದೆ. ಆರು ತಿಂಗಳು ನೋಡೋಣ ಅಂದರೆ ಒಪ್ಪುವುದು ಸುಲಭ. ಜೊತೆಗೆ ಎಣಿಕೆಯ ಪಟ್ಟಿ, ನಕ್ಷೆ, ಸಹಿಗಳು, ಎರಡು ಮೂರು ಫೋಟೊ ಇರಲಿ. ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಅರ್ಜಿ ಕೊಟ್ಟೇ ಇಲ್ಲದ ಹಾಗೆ.

ಒಂದು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಹೋಗಿ ಕೇಳಿ. ಆಮೇಲೂ ಇಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ನಮ್ಮ ಅರ್ಜಿಯ ಮೇಲೆ ತೆಗೆದುಕೊಂಡ ಕ್ರಮದ ಕಡತದ ಪ್ರತಿ ಕೊಡಿ’ ಅಂತ ಕೇಳಿದರೆ ಸಾಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗೆ ವಿಷಯ ಸೇರಿಸಿ ಅಂತಲೂ ಕೇಳಬಹುದು. ಅಲ್ಲಿ ಪೊಲೀಸರು, ಆರ್‌ಟಿಓ, ಪಾಲಿಕೆ ಒಂದೇ ಮೇಜಿಗೆ ಬರುತ್ತಾರೆ.

ಹೆಜ್ಜೆ 6: ಕಾಯುವಾಗ ಸುಮ್ನೆ ಕೂರಬೇಡಿ

ಅಧಿಸೂಚನೆ ಬರುವವರೆಗೆ ಬೀದಿಯವರೇ ಮಾಡಬಹುದಾದ ಕೆಲಸ ಇದೆ. ಸಮಸ್ಯೆಯ ಅರ್ಧ ಇಲ್ಲೇ ಕರಗಬಹುದು.

ನಮ್ಮ ಗಾಡಿಗಳನ್ನು ಮೊದಲು ನಾವೇ ಒಂದು ಬದಿಗೆ ಹಾಕೋಣ. ತಿಂಗಳುಗಟ್ಟಲೆ ಕವರ್ ಹೊದ್ದು ನಿಂತ ಹಳೆ ಕಾರು, ಕೆಟ್ಟ ಸ್ಕೂಟರ್ ಇದ್ದರೆ ಮಾಲೀಕರಿಗೆ ಹೇಳಿ ತೆಗೆಸಿ. ಯಾರದ್ದೂ ಅಲ್ಲದಿದ್ದರೆ ಠಾಣೆಗೆ ಬರೆದುಕೊಡಿ. ಬಿಟ್ಟುಹೋದ ವಾಹನ ತೆರವು ಮಾಡಲು ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಪೊಲೀಸರಿಗೆ ಅಧಿಕಾರ ಕೊಡುತ್ತದೆ.

ಖಾಲಿ ಸೈಟುಗಳ ಕಡೆ ಕಣ್ಣು ಹಾಯಿಸಿ. ನಮ್ಮ ಬಡಾವಣೆಗಳಲ್ಲಿ ಪಾರ್ಥೇನಿಯಂ ಬೆಳೆದು, ಕಸ ಬಿದ್ದ ಸೈಟು ಎಲ್ಲಿ ಇಲ್ಲ ಹೇಳಿ. ಮಾಲೀಕರ ಜೊತೆ 11 ತಿಂಗಳ ಕರಾರು ಮಾಡಿಕೊಂಡು, ಗಿಡ ತೆಗೆಸಿ, ಜಲ್ಲಿ ಹರಡಿ, ಲೈಟು ಹಾಕಿಸಿದರೆ ಎಂಟೊಂಬತ್ತು ಕಾರಿಗೆ ಜಾಗವಾಗುತ್ತದೆ. ಓಡಾಡಲು ದಾರಿ ಬಿಟ್ಟರೆ ಆರು. ಮಾಲೀಕರಿಗೆ ಸೈಟು ಸ್ವಚ್ಛವಾಗಿರುತ್ತದೆ, ಸ್ವಲ್ಪ ಬಾಡಿಗೆಯೂ ಬರುತ್ತದೆ.

ಹೊರಗಿನಿಂದ ಬಂದು ನಿಲ್ಲಿಸುವವರ ಜೊತೆಯೂ ಮಾತಾಡಿ. ಅವರು ಶತ್ರುಗಳಲ್ಲ. ನರ್ಸಿಂಗ್ ಹೋಂಗೆ ಅಮ್ಮನನ್ನು ಕರೆತಂದ ಮಗ ಎಲ್ಲಿ ನಿಲ್ಲಿಸಬೇಕು ಪಾಪ? ಆ ಕಟ್ಟಡದವರನ್ನು ಕೇಳಬೇಕು. ಕಲ್ಯಾಣ ಮಂಟಪ, ಆಸ್ಪತ್ರೆ, ಕಾಂಪ್ಲೆಕ್ಸ್‌ಗಳ ಮಂಜೂರಾದ ನಕ್ಷೆಯಲ್ಲಿ ಪಾರ್ಕಿಂಗ್ ಎಲ್ಲಿದೆ ಅಂತ ನೋಡಿ. ನೆಲಮಾಳಿಗೆಯ ಪಾರ್ಕಿಂಗ್ ಗೋದಾಮಾಗಿದ್ದರೆ ಪಾಲಿಕೆಗೆ ಬರೆಯಿರಿ. ಇದನ್ನು ಮಾಡದೆ ಪರ್ಮಿಟ್ ತಂದರೆ ರೋಗಿಯ ಕಡೆಯವರಿಗೆ ದಂಡ ಬೀಳುತ್ತದೆ, ಗೋದಾಮು ಹಾಗೇ ಇರುತ್ತದೆ.

ಹೆಜ್ಜೆ 7: ಪರ್ಮಿಟ್ ಯಾರಿಗೆ, ಎಷ್ಟು

ಅಧಿಸೂಚನೆ ಬಂದಾಗ ಒಳನಿಯಮ ಹೇಗಿರಬೇಕು ಅಂತ ಪಾಲಿಕೆ ನಿಮ್ಮನ್ನೇ ಕೇಳಬಹುದು. ಮುಂಚೆಯೇ ಬರೆದಿಟ್ಟುಕೊಳ್ಳಿ.

ಮನೆಗೆ ಒಂದು ಕಾರು ಪರ್ಮಿಟ್, ಅದೂ ಒಳಗೆ ಜಾಗ ಇಲ್ಲದ ಮನೆಗೆ ಮೊದಲು. ಜಾಗ ಮಿಕ್ಕರೆ ಎರಡನೇ ಕಾರಿಗೆ ಎರಡರಷ್ಟು ಶುಲ್ಕದಲ್ಲಿ. ಮಾಲೀಕ, ಬಾಡಿಗೆದಾರ ಅಂತ ಭೇದ ಬೇಡ. ವಿಳಾಸಕ್ಕೆ ಬೆಸ್ಕಾಂ ಬಿಲ್ಲು, ಕಂದಾಯ ರಶೀದಿ ಅಥವಾ ಬಾಡಿಗೆ ಕರಾರು, ಗಾಡಿಗೆ ಆರ್‌ಸಿ. ಆರ್‌ಸಿಯಲ್ಲಿ ಊರಿನ ವಿಳಾಸ ಇರುವ ಬಾಡಿಗೆದಾರರು ಬಹಳ ಇರುತ್ತಾರೆ. ಪಾವಗಡದಿಂದಲೋ ಮಧುಗಿರಿಯಿಂದಲೋ ಬಂದವರನ್ನು ಅದಕ್ಕೆ ಹೊರಗಿಡಬಾರದು. ಅಂಗವಿಕಲರಿಗೆ ಅವರ ಗೇಟಿಗೆ ಹತ್ತಿರದ ಜಾಗ ಗುರುತು ಮಾಡಿಕೊಡಿ. ಇದೊಂದೇ ಕಡೆ ‘ಮನೆ ಮುಂದಿನ ಜಾಗ’ ಅನ್ನುವುದು ನ್ಯಾಯ. ಟೂ ವೀಲರಿಗೆ ಶುಲ್ಕ ಬೇಡ, ಗುರುತಿನ ಜಾಗ ಸಾಕು. ಮನೆಗೆಲಸಕ್ಕೆ ಬರುವವರು, ಹಿರಿಯರನ್ನು ನೋಡಿಕೊಳ್ಳುವ ನರ್ಸುಗಳು ಸ್ಕೂಟರಿನಲ್ಲೇ ಬರುತ್ತಾರೆ. ಹಾಲಿನ ಗಾಡಿ, ಗ್ಯಾಸ್ ಗಾಡಿ, ಕಸದ ಆಟೊ, ತರಕಾರಿ ತಳ್ಳುಗಾಡಿಗೆ ಯಾವ ತಡೆಯೂ ಇರಬಾರದು. ಅಂಗಡಿಗೆ ಬರುವವರಿಗೆ ಅರ್ಧ ಗಂಟೆ ಬಿಡಿ.

ಶುಲ್ಕ ಪಾಲಿಕೆಗೇ ಹೋಗಬೇಕು, ರಶೀದಿ ಬರಬೇಕು. ಆದರೆ ಅದರಲ್ಲಿ ಒಂದು ಪಾಲು ಅದೇ ಬಡಾವಣೆಯ ಚರಂಡಿ ಚಪ್ಪಡಿ, ಬೀದಿದೀಪಕ್ಕೆ ಬರಲಿ ಅಂತ ಕೇಳಿ. ಪಾರ್ಕಿಂಗ್ ಬಗ್ಗೆ ಜೀವನವಿಡೀ ಅಧ್ಯಯನ ಮಾಡಿದ ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಶೂಪ್ ಹೇಳುತ್ತಿದ್ದುದು ಇದನ್ನೇ. ದುಡ್ಡು ಅದೇ ಬೀದಿಗೆ ವಾಪಸ್ ಬಂದರೆ ಜನ ವಿರೋಧಿಸುವುದಿಲ್ಲ. ನೂರಕ್ಕೆ 85 ಜಾಗ ತುಂಬಿ ಒಂದೆರಡು ಖಾಲಿ ಇರುವಂತೆ ನೋಡಿಕೊಳ್ಳಬೇಕು ಅನ್ನುವುದೂ ಅವರ ಮಾತು. ಹತ್ತು ಜಾಗ ಇದ್ದರೆ ಪರ್ಮಿಟ್ ಎಂಟಕ್ಕೆ ನಿಲ್ಲಿಸಿ. ಉಳಿದ ಎರಡು ನೆಂಟರಿಗೆ, ಆಂಬುಲೆನ್ಸಿಗೆ.

ಹೆಜ್ಜೆ 8: ಜಾರಿಯಾದ ಮೇಲೆ

ಬೋರ್ಡಿನಲ್ಲಿ ಕನ್ನಡ ದೊಡ್ಡದಾಗಿ, ಸಮಯ ಸ್ಪಷ್ಟವಾಗಿ ಇರಲಿ. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದು ಕೆಂಪು ಗೆರೆ ಇದ್ದರೆ ನಿಲುಗಡೆ ಇಲ್ಲ. ಎರಡು ಗೆರೆ ಅಡ್ಡಡ್ಡ ಇದ್ದರೆ ಗಾಡಿಯನ್ನು ಒಂದು ಕ್ಷಣ ಕೂಡ ನಿಲ್ಲಿಸುವ ಹಾಗಿಲ್ಲ. ಬೋರ್ಡು ಮರದ ಕೊಂಬೆಗೆ ಮರೆಯಾದರೆ ದಂಡ ಹಾಕುವುದು ನ್ಯಾಯವಲ್ಲ. ಅದನ್ನು ತಿಂಗಳಿಗೊಮ್ಮೆ ನೋಡಿ.

ಮೊದಲ ಎರಡು ವಾರ ದಂಡ ಬೇಡ ಅಂತ ಠಾಣೆಯವರನ್ನು ಕೇಳಿಕೊಳ್ಳಿ. ವೈಪರಿಗೆ ಒಂದು ಚೀಟಿ ಸಿಕ್ಕಿಸಿ: ‘ಈ ರಸ್ತೆಯಲ್ಲಿ ಈಗ ಪರ್ಮಿಟ್ ಪಾರ್ಕಿಂಗ್ ಇದೆ. ದಯವಿಟ್ಟು ಹತ್ತಿರದ ಇಂಥ ಜಾಗದಲ್ಲಿ ನಿಲ್ಲಿಸಿ.’ ಜಾಗದ ಹೆಸರು ಬರೆಯುವುದು ಮುಖ್ಯ. ಆಮೇಲೂ ಕೇಳದವರ ಬಗ್ಗೆ ಫೋಟೊ, ಸಮಯ ಸಮೇತ ಸಂಚಾರ ಠಾಣೆಗೆ ತಿಳಿಸಿ. ನೀವೇ ಹೋಗಿ ಜಗಳ ಮಾಡಬೇಡಿ. ಗೀರು ಹಾಕುವುದು, ಗಾಳಿ ಬಿಡುವುದು ಮಾಡಿದರೆ ಕೇಸು ನಿಮ್ಮ ಮೇಲೆ ಬೀಳುತ್ತದೆ.

ಮೂರು ತಿಂಗಳಿಗೆ ಅದೇ ನೋಟ್‌ಬುಕ್ ಹೊರತೆಗೆಯಿರಿ. ಅದೇ ನಾಲ್ಕು ಹೊತ್ತು, ಅದೇ ಬೀದಿ, ಜೊತೆಗೆ ವಲಯದ ಆಚೆಗಿನ ಎರಡು ಕ್ರಾಸ್. ಅಲ್ಲಿ ಗಾಡಿ ಜಾಸ್ತಿಯಾಗಿದ್ದರೆ ಆ ಬೀದಿಯವರನ್ನು ಕರೆದು ಕೂತು ಮಾತಾಡಿ, ಹೊಸ ಲೆಕ್ಕವನ್ನು ಹಳೆಯ ಅರ್ಜಿಯ ಉಲ್ಲೇಖ ಹಾಕಿ ಆಯುಕ್ತರಿಗೆ ಕಳಿಸಿ. ತಿರುವಿನ ಎರಡೂ ಮೂಲೆ ಖಾಲಿ ಇವೆಯಾ ಅಂತ ರಾತ್ರಿ ಹತ್ತೂವರೆಯ ಸುತ್ತಿನಲ್ಲಿ ಬೇರೆಯಾಗಿ ಬರೆದುಕೊಳ್ಳಿ. ನಾನು ಈಗಲೂ ಆ ಎರಡು ಮೂಲೆಗಳನ್ನು ಮೊದಲು ನೋಡುತ್ತೇನೆ.